ಸಾವಿನ ಪೂಜೆಯಲ್ಲಿ ಟೆನರ್ ಸೋಲೋ: ಪೂರ್ಣ ಕಂಠದಲ್ಲಿ ಹಾಡಬೇಕಾ, ತಗ್ಗಿಸಬೇಕಾ?

ಕಲ್ಯಾಣಪುರ ಆರ್ಗನ್: ಕಥೋಲಿಕ ಇಗರ್ಜಿಯ ಸಾವಿನ ಪೂಜೆಗೆ ಒಳ್ಳೆ ಟೆನರ್, ಅಂದರೆ ಗಂಡಸರ ಎತ್ತರದ ಧ್ವನಿಯವರು, ಸಿಕ್ಕಿದರೆ ದಯವಿಟ್ಟು ಅವರ ಗಂಟಲಿಗೆ ಬೀಗ ಹಾಕಬೇಡಿ. ‘ಪಾನಿಸ್ ಆಂಜೆಲಿಕುಸ್’ ಎಂಬ ಲ್ಯಾಟಿನ್ ಹಾಡಿಗೆ ಸಂಗೀತಗಾರ ಸೇಝರ್ ಫ್ರಾಂಕ್ 1872ರಲ್ಲಿ ರಾಗ ಬರೆದದ್ದೇ ಟೆನರಿಗೆ. ಶ್ರುತಿ ಎ ಮೇಜರ್, ಅತಿ ಮೇಲಿನ ಸ್ವರ ಎಫ್ ಶಾರ್ಪ್. ಟೆನರಿಗೆ ಎದೆಯ ಸ್ವರ ತಲೆಗೆ ತಿರುಗುವ ಜಾಗ ಹೆಚ್ಚುಕಡಿಮೆ ಅಲ್ಲೇ. ಅಲ್ಲಿ ಉಸಿರಿನ ಬಲ ಬೇಕೇ ಬೇಕು. ‘ಸಾವಿನ ಮನೆಯವರಿದ್ದಾರೆ, ಮೆಲ್ಲ ಹಾಡಿ’ ಅಂದರೆ ಬಲ ಹೋಗಿ ಶ್ರುತಿ ಇಳಿಯುತ್ತದೆ. ಇನ್ನು ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಮೈನಸ್ ನಾಲ್ಕು ಒತ್ತಿ ನಾಲ್ಕು ಅರ್ಧಸ್ವರ ಕೆಳಗೆ, ಎಫ್ ಮೇಜರಿಗೆ ತಂದುಬಿಡುತ್ತಾರೆ. ಆಗ ಮೇಲಿನ ಸ್ವರ ಬರೀ ಡಿ, ಕೆಳಗಿನದ್ದು ಸಿ. ಅದು ಬ್ಯಾರಿಟೋನಿನ, ಅಂದರೆ ಟೆನರಿಗಿಂತ ತಗ್ಗಿನ ಗಂಡುಧ್ವನಿಯ, ಜಾಗ. ಟೆನರ್ ಅಲ್ಲಿ ಮಂಕಾಗುತ್ತದೆ.

ಬಿಜೈ ಲಿಟರ್ಜಿ: ‘ಉಸಿರಿನ ಬಲ’! ಪೂಜೆ ಅಂದರೆ ಕಛೇರಿ ಅಲ್ಲ ಮಾರಾಯ್ರೆ. ಪೋಪ್ 10ನೇ ಪಿಯುಸ್ 1903ರ ಚರ್ಚ್ ಸಂಗೀತದ ಆದೇಶದಲ್ಲೇ ಸ್ಪಷ್ಟ ಮಾಡಿದ್ದಾರೆ, ಪೂಜೆಯ ಗಾಯನದ ಹೆಚ್ಚಿನ ಪಾಲು ಸೋಲೋ ಆಗಬಾರದು, 12ನೇ ಅಂಶ. ಮೇಲಾಗಿ ಆ ಹಾಡಿನ ಸಾಹಿತ್ಯ ಸಂತ ಥಾಮಸ್ ಅಕ್ವಿನಾಸ್ ಪರಮ ಪ್ರಸಾದದ ಹಬ್ಬಕ್ಕೆ ಬರೆದದ್ದು. ಅದರಲ್ಲಿ ಸಾವಿನ ಮಾತೇ ಇಲ್ಲ.

ಕಲ್ಯಾಣಪುರ ಆರ್ಗನ್: 12ನೇ ಅಂಶದಲ್ಲೇ ‘ಸೋಲೋವನ್ನು ಪೂರ್ತಿ ಹೊರಗಿಡುತ್ತಿಲ್ಲ’ ಎಂಬ ಅರ್ಥದ ವಾಕ್ಯ ಉಂಟು, ಅದನ್ನು ಯಾಕೆ ಬಿಟ್ಟಿರಿ? 13ನೇ ಅಂಶ ಕ್ವಾಯರಿನಲ್ಲಿ ಹೆಂಗಸರು ಬೇಡ ಅನ್ನುತ್ತದೆ. 19ನೇದು ಪಿಯಾನೋ ಬೇಡ ಅನ್ನುತ್ತದೆ. ಅವನ್ನೂ ಪಾಲಿಸುತ್ತೀರಾ?

ಬಿಜೈ ಲಿಟರ್ಜಿ: ಹೆಂಗಸರ ವಿಷಯ ಇಲ್ಲಿ ಯಾರು ಎತ್ತಿದ್ದು? 1969ರ ಅಂತ್ಯವಿಧಿ, ಅಂದರೆ ಸಾವಿನ ಕ್ರಮದ ಪುಸ್ತಕ, ತೆಗೆದು ಓದಿ. ಪೆಟ್ಟಿಗೆಗೆ ತೀರ್ಥ ಹಾಕಿ ಧೂಪ ಬೀಸುವಾಗಿನ ವಿದಾಯಗೀತೆ ಇಡೀ ಸಭೆ ಹಾಡುವಂಥದ್ದಾಗಿರಬೇಕು. ಅಲ್ಲಿಗೆ ಒಬ್ಬ ಟೆನರ್ ನುಗ್ಗಿದರೆ ಜನ ಬಾಯಿ ಮುಚ್ಚಿ ನಿಲ್ಲುತ್ತಾರೆ.

ಶಿರ್ವ ಸೌಂಡ್: ಇಬ್ಬರೂ ಮುಖ್ಯ ವಿಷಯ ಬಿಟ್ಟಿರಿ. ಹಾಡು ಹಾಳಾಗುವುದು ಮೈಕಿನಿಂದ. ನಮ್ಮ ಇಗರ್ಜಿಗಳಲ್ಲಿ ಮಿಕ್ಸರ್ ಸೆಟ್ ಮಾಡುವುದು ವಾಚನ ಓದುವವರಿಗೆ. ಮಾತು ಸ್ಪಷ್ಟ ಕೇಳಲಿ ಅಂತ 3,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಸುತ್ತಲಿನ ಸದ್ದನ್ನು ಏರಿಸಿರುತ್ತಾರೆ. ತರಬೇತಾದ ಟೆನರಿನ ಸ್ವರದಲ್ಲಿ ಬಲ ಸೇರುವುದೂ ಅಲ್ಲೇ, 2,800ರಿಂದ 3,000ದೊಳಗೆ. ಎರಡೂ ಸೇರಿದರೆ ಕಿವಿಗೆ ಚುಚ್ಚುತ್ತದೆ. ಜನ ‘ಎಷ್ಟು ಬೊಬ್ಬೆ’ ಅಂತ ಹಾಡುಗಾರನನ್ನು ಬೈಯುತ್ತಾರೆ. ಆ ಚಾನೆಲಿನಲ್ಲಿ 3,000 ಇಳಿಸಿ, ಹಾಡುಗಾರನನ್ನು ಮೈಕಿನಿಂದ 40 ಸೆಂಟಿಮೀಟರ್ ದೂರ ನಿಲ್ಲಿಸಿ.

ಬಲ್ಮಠ ಬೇಸ್: 40 ಸೆಂಟಿಮೀಟರ್ ಇಟ್ಟರೆ ಗೇನ್ (ಮೈಕಿನ ಸದ್ದು ಹಿಗ್ಗಿಸುವ ಮಟ್ಟ) ಏರಿಸಬೇಕು, ಏರಿಸಿದರೆ ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಸೇರಿ ಫೀಡ್‌ಬ್ಯಾಕ್ ಕೂಗುತ್ತದೆ. ಇದು ಗೊತ್ತಿಲ್ಲದೆ ಸಲಹೆ ಕೊಡಬೇಡಿ.

ಶಿರ್ವ ಸೌಂಡ್: ಗೇನ್ ಯಾಕೆ ಏರಿಸಬೇಕು? ಟೆನರಿನ ಸ್ವರವೇ ದೊಡ್ಡದು. ದೂರ ಎರಡು ಪಟ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ, ಹತ್ತು ಪಟ್ಟಾದರೆ 20. ಓದುವವರು 4 ಸೆಂಟಿಮೀಟರಿನಲ್ಲಿ ಮಾತಾಡುವ ಗೇನಿಗೇ ಟೆನರ್ 40ರಲ್ಲಿ ಸರಿಯಾಗಿ ಕೂರುತ್ತಾನೆ. ಬಾಯಿಗೆ ಹಚ್ಚಿ ಹಿಡಿದರೆ ತಗ್ಗಿನ ಸ್ವರ ಉಬ್ಬಿ ಗುಂಯ್‌ಗುಡುತ್ತದೆ, ಎಫ್ ಶಾರ್ಪ್ ಬಂದಾಗ ಒಡೆಯುತ್ತದೆ.

ಬಲ್ಮಠ ಬೇಸ್: ‘ಸರಿಯಾಗಿ ಕೂರುತ್ತಾನೆ’ ಅನ್ನುವುದು ಬೇಸಿಗೆಯ ಮಾತು. ಜುಲೈಯಲ್ಲಿ ಹಂಚಿನ ಮಾಡಿಗೆ ಮಳೆ ಹೊಡೆಯುವಾಗ?

ಕಲ್ಯಾಣಪುರ ಆರ್ಗನ್: ಮಳೆ ಬಂದಾಗಲೇ ಪೂರ್ಣ ಕಂಠ ಬೇಕು! ಆ 3,000 ಹರ್ಟ್ಸಿನ ಬಲ ಮಳೆಯನ್ನು ಸೀಳಿ ಬರುತ್ತದೆ.

ಶಿರ್ವ ಸೌಂಡ್: ಇಲ್ಲ ಸ್ವಾಮಿ. ವಾದ್ಯವೃಂದದ ಬಲ 500 ಹರ್ಟ್ಸ್ ಸುತ್ತ ಇದ್ದು ಮೇಲೆ ಇಳಿಯುತ್ತದೆ, ಹಾಗಾಗಿ ಟೆನರ್ ಅದನ್ನು ದಾಟುತ್ತಾನೆ. ಮಳೆಯ ಸದ್ದು ಮೇಲಿನವರೆಗೂ ಹರಡಿರುತ್ತದೆ. ಅಲ್ಲಿ ಮೈಕ್ ಬೇಕೇ ಬೇಕು.

ಉಳ್ಳಾಲ ಆಲ್ಟೋ: ಲಾಫ್ಟಿನಿಂದ, ಅಂದರೆ ಇಗರ್ಜಿಯ ಹಿಂದಿನ ಮಾಳಿಗೆಯಿಂದ, ಮೈಕಿಲ್ಲದೆ ಹಾಡಲಿ. ಲಾಫ್ಟಿನಲ್ಲಿ ಮೈಕ್ ಇಟ್ಟರೆ ಎದುರಿನ ಸ್ಪೀಕರ್ ಮೊದಲು ಕೇಳುತ್ತದೆ, ನಿಜವಾದ ಸ್ವರ ಆಮೇಲೆ. 20 ಮೀಟರಿಗೆ ಹತ್ತಿರಹತ್ತಿರ 60 ಮಿಲಿಸೆಕೆಂಡ್. ಎದುರಿನ ಬೆಂಚಿನವರಿಗೆ ಪ್ರತಿ ಪದ ಎರಡೆರಡು.

ಶಿರ್ವ ಸೌಂಡ್: ಮಿಕ್ಸರಿನಲ್ಲಿ ಅಷ್ಟೇ ಡಿಲೇ ಹಾಕಿದರೆ ಮುಗಿಯಿತು.

ಬಲ್ಮಠ ಬೇಸ್: ಎಷ್ಟು ಇಗರ್ಜಿಯ ಮಿಕ್ಸರಿನಲ್ಲಿ ಸ್ಪೀಕರಿಗೆ ಡಿಲೇ ಉಂಟು, ಹೇಳಿ? ಅದಕ್ಕೇ ನಮ್ಮ ಬಾಸೆಲ್ ಮಿಶನ್ ಕಡೆಯ ಪ್ರೊಟೆಸ್ಟೆಂಟ್ ಸಭೆಗಳ ನಾಲ್ಕು ಧ್ವನಿಯ ಪದ್ಧತಿ ಒಳ್ಳೆಯದು. ಟೆನರ್ ಒಳಧ್ವನಿಯಲ್ಲಿ ಉಳಿಯುತ್ತಾನೆ, ರಾಗ ಸಭೆಯ ಕೈಯಲ್ಲಿರುತ್ತದೆ. ಮೈಕಿನ ಗೊಡವೆಯೇ ಇಲ್ಲ.

ಕಲ್ಯಾಣಪುರ ಆರ್ಗನ್: ‘ಒಳಧ್ವನಿ’ ಅಂತ ಟೆನರನ್ನು ಮೂಲೆಗೆ ತಳ್ಳಬೇಡಿ. ಸಂಗೀತಗಾರ ವೆರ್ದಿ 1874ರಲ್ಲಿ ಸಾಹಿತಿ ಮಾಂಜೋನಿ ಸತ್ತ ಮೊದಲ ವರ್ಷದ ನೆನಪಿಗೆ ಮಾಡಿದ ರೆಕ್ವಿಯಂನ (ಸಾವಿನ ಪೂಜೆಯ ಸಂಗೀತ) ‘ಇಂಜೆಮಿಸ್ಕೋ’ ಭಾಗದಲ್ಲಿ ಟೆನರ್ ಬಿ ಫ್ಲಾಟಿಗೆ ಏರುತ್ತಾನೆ. ಅಪರಾಧಿಯಾಗಿ ನರಳುತ್ತೇನೆ ಅನ್ನುವ ಪ್ರಾರ್ಥನೆ ಅದು. ಪಿಸುಗುಟ್ಟಿ ಹಾಡುವಂಥದ್ದಾ?

ಬಿಜೈ ಲಿಟರ್ಜಿ: ಆ ಸಾಹಿತ್ಯ ‘ದಿಯೆಸ್ ಇರೇ’ ಎಂಬ ತೀರ್ಪಿನ ದಿನದ ಹಾಡಿನ ಭಾಗ. ಎರಡನೇ ವ್ಯಾಟಿಕನ್ ಕೌನ್ಸಿಲ್ ನಂತರದ ಸುಧಾರಣೆಯಲ್ಲಿ ಸಾವಿನ ಪೂಜೆಯಿಂದಲೇ ಅದನ್ನು ತೆಗೆದರು. ನೀವು ಕೊಟ್ಟ ಉದಾಹರಣೆಯೇ ನಿಮ್ಮ ವಿರುದ್ಧ ಉಂಟು.

ಉಳ್ಳಾಲ ಆಲ್ಟೋ: ಸೋಲೋ ಬೇಕಾದವರು ಪ್ರಸಾದ ಹಂಚುವಾಗ ಹಾಡಿಸಿ. ಪಾನಿಸ್ ಆಂಜೆಲಿಕುಸ್ ಪ್ರಸಾದದ ಹಾಡೇ, ಲಿಟರ್ಜಿಯವರ ತಕರಾರು ಅಲ್ಲಿ ನಿಲ್ಲುವುದಿಲ್ಲ. ಪೆಟ್ಟಿಗೆಗೆ ಧೂಪ ಬೀಸುವುದೂ ಆಗ ಶುರುವಾಗಿರುವುದಿಲ್ಲ, ಹೊಗೆಗೆ ಗಂಟಲು ಒಣಗುವ ಭಯ ಇಲ್ಲ. ಹಾಡುಗಾರನನ್ನು ಮಾತ್ರ ಪೆಟ್ಟಿಗೆಯ ಪಕ್ಕ, ಮನೆಯವರ ಮುಖ ಕಾಣುವಂತೆ ನಿಲ್ಲಿಸಬೇಡಿ. ಅಳು ಒತ್ತಿ ಬಂದಾಗ ಗಂಟಲು ಬಿಗಿಯುತ್ತದೆ, ಮೊದಲು ಕೈಕೊಡುವುದು ಆ ಎಫ್ ಶಾರ್ಪೇ.

ಬಿಜೈ ಲಿಟರ್ಜಿ: ಪ್ರಸಾದದ ಹೊತ್ತಿಗೆ ಆಗಬಹುದು ಅಂತಲೇ ಇಟ್ಟುಕೊಳ್ಳಿ. ವಿದಾಯಗೀತೆಗೆ ಸೋಲೋ ಬೇಡ ಅಂತ ಕಲ್ಯಾಣಪುರದವರು ಇನ್ನೂ ಹೇಳಿಲ್ಲ.

ಕಲ್ಯಾಣಪುರ ಆರ್ಗನ್: ಪೆಟ್ಟಿಗೆ ಹೊರಗೆ ಒಯ್ಯುವಾಗ ‘ಇನ್ ಪಾರಾದೀಸುಂ’ ಎಂಬ ಲ್ಯಾಟಿನ್ ಹಾಡು ಯಾರು ಹಾಡುತ್ತಾರೆ ನಿಮ್ಮಲ್ಲಿ? ಸಭೆಗೆ ಲ್ಯಾಟಿನ್ ಬರುತ್ತದಾ?

ಶಿರ್ವ ಸೌಂಡ್: ಹೊರಗೆ ಒಯ್ಯುವಾಗ ಮೈಕ್ ಆಫ್ ಮಾಡಿ, ಅಷ್ಟು ಸಾಕು. ಬಾಗಿಲ ಹತ್ತಿರದ ಸ್ಪೀಕರ್ ಎದುರು ಕೈಮೈಕ್ ಹಿಡಿದು ನಡೆದರೆ ಕೂಗುವುದು ಖಂಡಿತ.