ಮಳೆ ಶುರುವಾದ ಮೇಲೆ ಎಂಜಿನ್ ಒಂದೇ ಜಾಗದಲ್ಲಿ ನಿಲ್ಲುತ್ತಿದೆ (ಮಾದರಿ ರೈಲು; ಎಚ್‌ಒ ಸ್ಕೇಲ್, ಅಂದರೆ ನಿಜದ ರೈಲಿನ 87ರಲ್ಲಿ ಒಂದು ಪಾಲು; 12 ವೋಲ್ಟ್ ಡಿಸಿ)

ಇಂದ್ರಾಳಿ ಲೂಪ್‌ಲೈನ್ | ಜುಲೈ 9

ಎಲ್ಲರಿಗೂ ನಮಸ್ಕಾರ. ಬೇಸಗೆಯಲ್ಲಿ ಇಲ್ಲಿ ಫೋಟೊ ಹಾಕಿ ಮೆರೆದವ ನಾನೇ. ಗೋಡೆಗೆ ತಾಗಿಸಿದ 12 ಅಡಿ ಉದ್ದದ ಪ್ಲೈವುಡ್ ಹಲಗೆ. ಎಡಗಡೆ ನಮ್ಮ ಉಡುಪಿ ಸ್ಟೇಶನ್ನಿನ ತರಹದ್ದೊಂದು ಸ್ಟೇಶನ್, ನಡುವೆ ಮುರಕಲ್ಲಿನ ಗುಡ್ಡ ಕಡಿದ ಕಟಿಂಗ್, ಬಲಗಡೆ ಸೇತುವೆ. ಕೊಂಕಣ ಮಾರ್ಗದ ವಿದ್ಯುದೀಕರಣ ಪೂರ್ತಿ ಮುಗಿದದ್ದು 2022ರಲ್ಲಿ. ನನ್ನ ಲೇಔಟಿನ ಕಾಲ ಅದಕ್ಕಿಂತ ಮುಂಚಿನದು. ಕಾರಣ ಏನಿಲ್ಲ, ಕಂಬ ನೆಟ್ಟು ತಂತಿ ಎಳೆಯುವ ತಾಳ್ಮೆ ನನಗಿಲ್ಲ. ಹಾಗಾಗಿ ಡೀಸೆಲ್ ಎಂಜಿನ್, ಹಿಂದೆ ಆರು ಬೋಗಿಯ ಮತ್ಸ್ಯಗಂಧ ಎಕ್ಸ್‌ಪ್ರೆಸ್. ಆರು ಬೋಗಿಗೇ ಒಂದೂವರೆ ಮೀಟರ್ ಆಗುತ್ತದೆ. ಪೂರ್ತಿ ಗಾಡಿ ಜೋಡಿಸಿದರೆ ಕೊನೆಯ ಬೋಗಿ ಅಡುಗೆಮನೆಯಲ್ಲಿ ಇರುತ್ತದೆ.

ಮೇ ಕೊನೆಯವರೆಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡುತ್ತಿತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಟಿಂಗ್ ಒಳಗೆ ನಿಲ್ಲಲು ಶುರುವಾಯಿತು. ಮೊದಲು ಒಮ್ಮೊಮ್ಮೆ, ಈಗ ಪ್ರತಿ ಸಲ. ಬೆರಳಿನಿಂದ ಮೂರಡಿ ತಳ್ಳಿದರೆ ಸೇತುವೆಯ ಹತ್ತಿರ ಮತ್ತೆ ತಾನಾಗಿ ಹೊರಡುತ್ತದೆ.

ಇಷ್ಟರವರೆಗೆ ಮಾಡಿದ್ದು: ಹಳಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿದೆ, ಬಟ್ಟೆಗೆ ಕಪ್ಪು ಅಂಟಿತು. ಗಾಲಿಗಳನ್ನೂ ಒರೆಸಿದೆ. ಬೇರೆ ಎಂಜಿನ್ ಇಟ್ಟು ನೋಡಿದೆ, ಅದೂ ಅಲ್ಲೇ ಕೂತಿತು. ಮಲ್ಟಿಮೀಟರ್ ಹಿಡಿದರೆ ಆ ಜಾಗದಲ್ಲಿ 11.9 ವೋಲ್ಟ್ ತೋರಿಸುತ್ತದೆ. ಕರೆಂಟ್ ಉಂಟು, ಎಂಜಿನ್ ಸರಿ ಉಂಟು. ಮತ್ತೆ ಎಂತ ರೋಗ ಇದು ಮಾರಾಯ್ರೆ?

ಎನ್ ಸ್ಕೇಲ್ ಹುಡುಗ | ಜುಲೈ 9

ಅಣ್ಣ, ಹಳಿ ಕೊಳೆ ಅಷ್ಟೇ. ಆಲ್ಕೊಹಾಲ್‌ಗೆ ಬಗ್ಗುವುದಿಲ್ಲ ಅದು. 400 ನಂಬರಿನ ಉಪ್ಪುಕಾಗದ ತಗೊಂಡು ನಾಲ್ಕು ಸಲ ಎಳೆಯಿರಿ, ಹೊಸತರ ಹಾಗೆ ಆಗುತ್ತದೆ.

ಪಣಂಬೂರು ಗೂಡ್ಸ್ | ಜುಲೈ 10

ಉಪ್ಪುಕಾಗದ ಮಾತ್ರ ಬೇಡ ಮಾರಾಯ್ರೆ. ಅದರಲ್ಲಿ ಉಜ್ಜಿದರೆ ಹಳಿಯ ಮೇಲೆ ಸಾವಿರ ಗೀರು ಬೀಳುತ್ತದೆ, ಆಮೇಲೆ ಕೊಳೆ ಕೂರುವುದು ಆ ಗೀರಿನಲ್ಲೇ. ಮೊದಲು ತಿಂಗಳಿಗೊಮ್ಮೆ ಒರೆಸುತ್ತಿದ್ದವ ಮತ್ತೆ ವಾರಕ್ಕೊಮ್ಮೆ ಒರೆಸಬೇಕಾಗುತ್ತದೆ. ನಾನು ಒಮ್ಮೆ ಮಾಡಿ ಅನುಭವಿಸಿದ್ದೇನೆ. ನಮ್ಮ ಹಳಿ ನಿಕಲ್ ಸಿಲ್ವರ್. ಹೆಸರಿನಲ್ಲಿ ಬೆಳ್ಳಿ ಇದೆಯೇ ಹೊರತು ಒಳಗೆ ಒಂದು ಚೂರೂ ಇಲ್ಲ, ತಾಮ್ರ, ನಿಕಲ್, ಸತು ಅಷ್ಟೇ. ಒರಟಾಗಿ ಉಜ್ಜಬಾರದು.

ಲೂಪ್‌ಲೈನ್ ಅವರೇ, ಎರಡು ವಿಷಯ ಹೇಳಿ. ಎಂಜಿನ್ ಸರಿಯಾಗಿ ಎಲ್ಲಿ ನಿಲ್ಲುತ್ತದೆ? ಮುಂದಿನ ಗಾಲಿ ಕಟಿಂಗ್‌ಗೆ ಹೊಕ್ಕ ಕೂಡಲೇನಾ, ಅಥವಾ ಪೂರ್ತಿ ಒಳಗೆ ಹೋದ ಮೇಲಾ? ಮತ್ತೆ ಕಂಟ್ರೋಲರಿನಿಂದ ಹಳಿಗೆ ವೈರ್ ಎಲ್ಲೆಲ್ಲಿ ಕೊಟ್ಟಿದ್ದೀರಿ?

ಇಂದ್ರಾಳಿ ಲೂಪ್‌ಲೈನ್ | ಜುಲೈ 10

ನೀವು ಕೇಳಿದ ಮೇಲೆ ಮೊಣಕಾಲೂರಿ ಕೂತು ನೋಡಿದೆ. ಮುಂದಿನ ಗಾಲಿಗಳು ಆರಾಮವಾಗಿ ಒಳಗೆ ಹೋಗುತ್ತವೆ. ಹಿಂದಿನ ಗಾಲಿಯ ಕೊನೆಯ ಜೋಡಿ ಹಳಿಯ ಜೋಡಣೆ ದಾಟಬೇಕು, ಅಲ್ಲಿಗೆ ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ. ಹೆಡ್‌ಲೈಟ್ ಮಿಣುಕು ಮಿಣುಕು ಉರಿಯುತ್ತಿರುತ್ತದೆ. ಒಂದು ಕೂದಲೆಳೆ ಹಿಂದೆ ಎಳೆದರೆ ಪುನಃ ಜೀವ ಬರುತ್ತದೆ.

ಹಳಿ ಮೂರಡಿಯ ನಾಲ್ಕು ತುಂಡು. ಒಂದು, ಎರಡು ಮತ್ತು ನಾಲ್ಕನೇ ತುಂಡಿಗೆ ವೈರ್ ಬೆಸುಗೆ ಹಾಕಿದ್ದೇನೆ. ಕಟಿಂಗ್ ಇರುವುದು ಮೂರನೇ ತುಂಡಿನಲ್ಲಿ. ಅದಕ್ಕೆ ಇಲ್ಲ. ಗುಡ್ಡ ಅಂಟಿಸಿ ಆಗಿತ್ತು, ಕೈ ಹೋಗುತ್ತಿರಲಿಲ್ಲ, ಎರಡೂ ಕಡೆಯಿಂದ ಜಾಯಿನರ್ (ಹಳಿಯ ತುದಿಗಳನ್ನು ಜೋಡಿಸುವ ಲೋಹದ ಸಣ್ಣ ಪಟ್ಟಿ) ಮೂಲಕ ಕರೆಂಟ್ ಬರುತ್ತದಲ್ಲ ಎಂದು ಸುಮ್ನೆ ಬಿಟ್ಟೆ. ಆದರೆ ಮೀಟರ್ 11.9 ತೋರಿಸುತ್ತಿದೆಯಲ್ಲ?

ಹಳೇ ಸಿಗ್ನಲ್ | ಜುಲೈ 10

ಮೀಟರ್ ಸುಳ್ಳು ಹೇಳುವುದಿಲ್ಲ, ಆದರೆ ನೀವು ಕೇಳಿದ ಪ್ರಶ್ನೆ ತಪ್ಪು. ಅಡಿಕೆ ತೋಟಕ್ಕೆ ಜೆಟ್ (ಸ್ಪ್ರಿಂಕ್ಲರ್) ಬಿಟ್ಟವರಿಗೆ ಇದು ಗೊತ್ತಿರುತ್ತದೆ. ಪೈಪಿನ ಒಳಗೆ ಕಸ ಸಿಕ್ಕಿಕೊಂಡಿದ್ದರೂ ಗೇಟ್‌ವಾಲ್ವ್ ಮುಚ್ಚಿರುವವರೆಗೆ ಪೈಪು ಗಟ್ಟಿಯಾಗಿ ಬಿಗಿದೇ ಇರುತ್ತದೆ. ವಾಲ್ವ್ ತೆರೆದ ಮೇಲೆ ಜೆಟ್ ತಿರುಗುವುದಿಲ್ಲ, ನೀರು ಜಿನುಗುತ್ತದೆ. ಡಿಜಿಟಲ್ ಮೀಟರ್ ಹಳಿಯಿಂದ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಕೂದಲಿನಷ್ಟು ತಾಗಿಕೊಂಡಿದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಎಂಜಿನ್ ನಿಂತಾಗಲೇ ನಿಜ ಗೊತ್ತಾಗುವುದು.

ಹಾಗಾಗಿ ಹಳಿಗೆ ಹೊರೆ ಕೊಟ್ಟು ಅಳೆಯಿರಿ. ಕಾರಿನ ಪಾರ್ಕಿಂಗ್ ಲೈಟಿನ 12 ವೋಲ್ಟ್ 5 ವ್ಯಾಟ್ ಬಲ್ಬ್ ಸಾಕು. ತಂತಿಯ ಹಳೇ ಬಲ್ಬೇ ಆಗಬೇಕು, ಎಲ್‌ಇಡಿ ಬೇಡ. ಅದು ಸುಮಾರು 0.4 ಆಂಪಿಯರ್ ಎಳೆಯುತ್ತದೆ, ನಮ್ಮ ಒಂದು ಎಂಜಿನ್ ಎಳೆಯುವಷ್ಟೇ. ಎರಡು ವೈರ್ ಕಟ್ಟಿ ಮೂರನೇ ತುಂಡಿನ ಎರಡು ಹಳಿಗೆ ಹಿಡಿಯಿರಿ. ಬಲ್ಬ್ ಉರಿಯುತ್ತಿರುವಾಗಲೇ ವೋಲ್ಟೇಜ್ ನೋಡಿ. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಜೋಡಣೆಯ ಈಚೆ, ಇನ್ನೊಂದನ್ನು ಅದೇ ಹಳಿಯಲ್ಲಿ ಜೋಡಣೆಯ ಆಚೆ ಇಡಿ. ಒಳ್ಳೆಯ ಜೋಡಣೆಯಾದರೆ ಸೊನ್ನೆಯ ಹತ್ತಿರ ಇರಬೇಕು. ಅಲ್ಲಿ ವೋಲ್ಟ್ ಕಂಡರೆ ಕಳ್ಳ ಸಿಕ್ಕಿದ ಹಾಗೆ.

ಎನ್ ಸ್ಕೇಲ್ ಹುಡುಗ | ಜುಲೈ 10

ಎಲ್‌ಇಡಿ ಯಾಕೆ ಬೇಡ ಸರ್?

ಹಳೇ ಸಿಗ್ನಲ್ | ಜುಲೈ 10

ಅದು ಚೂರು ಕರೆಂಟಿಗೇ ಜಗ್ಗನೆ ಉರಿದುಬಿಡುತ್ತದೆ. ಮೀಟರಿನ ಕತೆಯೇ ಪುನಃ.

ಇಂದ್ರಾಳಿ ಲೂಪ್‌ಲೈನ್ | ಜುಲೈ 12

ನಿನ್ನೆ ಗ್ಯಾರೇಜಿಗೆ ಹೋಗಿ ಬಲ್ಬ್ ತಂದೆ. ಹುಡುಗ ಯಾವ ಕಾರಿಗೆ ಎಂದು ಕೇಳಿದ, ರೈಲಿಗೆ ಎಂದೆ. ಮತ್ತೆ ಅವನು ಮಾತಾಡಲಿಲ್ಲ.

ಎರಡನೇ ತುಂಡಿನಲ್ಲಿ ಬಲ್ಬ್ ಝಗ್ಗೆಂದು ಉರಿಯಿತು, 11.8 ವೋಲ್ಟ್. ಮೂರನೇ ತುಂಡಿಗೆ ಇಟ್ಟರೆ ಊದುಬತ್ತಿಯ ತುದಿಯ ಹಾಗೆ ಕೆಂಪಗೆ, ಬರೀ 3.8 ವೋಲ್ಟ್! ಜೋಡಣೆ ಅಳೆದೆ. ಗೋಡೆ ಬದಿಯ ಹಿಂದಿನ ಹಳಿಯಲ್ಲಿ 0.2. ನನ್ನ ಬದಿಯ ಮುಂದಿನ ಹಳಿಯಲ್ಲಿ ಸ್ಟೇಶನ್ ಕಡೆ 7.8, ಸೇತುವೆ ಕಡೆಯೂ 7.8. ಅಂದರೆ ಮುಂದಿನ ಹಳಿಯ ಎರಡೂ ಜಾಯಿನರ್ ಹೋಗಿವೆ.

ಹಲ್ಲುಕಡ್ಡಿಯಲ್ಲಿ ಜಲ್ಲಿ ಕೆದಕಿ ಟಾರ್ಚ್ ಹಿಡಿದು ನೋಡಿದೆ. ಜಾಯಿನರಿನ ಕೆಳಗಡೆ ಹಸಿರು ಕಿಲುಬು. ಅಜ್ಜಿಯ ಕಾಲದ ತಾಮ್ರದ ಕೊಡಪಾನದ ಅಡಿ ನೋಡಿದ ಹಾಗಾಯಿತು. ಉಳಿದ ಜಾಯಿನರುಗಳು ಹೊಳೆಯುತ್ತಿವೆ. ಒಂದೇ ಪ್ಯಾಕೆಟಿನವು, ಒಂದೇ ದಿನ ಹಾಕಿದವು. ಇವಕ್ಕೆ ಮಾತ್ರ ಯಾಕೆ?

ಪಣಂಬೂರು ಗೂಡ್ಸ್ | ಜುಲೈ 12

ಆ ಮೂರಡಿಗೆ ಮಾತ್ರ ಬೇರೆ ಎಂತ ಮಾಡಿದ್ದೀರಿ? ಬಣ್ಣ, ಗಮ್, ಎಂತಾದರೂ?

ಇಂದ್ರಾಳಿ ಲೂಪ್‌ಲೈನ್ | ಜುಲೈ 12

ವಿಶೇಷ ಏನಿಲ್ಲ. ಜಲ್ಲಿ ಹಾಕಿ ಮುಗಿಸಿದ್ದು ಆ ಮೂರಡಿಗೆ ಮಾತ್ರ, ಬೇರೆ ಕಡೆ ಇನ್ನೂ ಬರೀ ಹಳಿ. ಮುಂದಿನ ಬದಿ ಕಣ್ಣಿಗೆ ಕಾಣುತ್ತದೆಂದು ಅಲ್ಲಿ ಸ್ವಲ್ಪ ಜಾಸ್ತಿ ಸುರಿದೆ, ನೀರು ಬೆರೆಸಿದ ಫೆವಿಕಾಲ್ ಬಿಟ್ಟು ಅಂಟಿಸಿದೆ. ಜಲ್ಲಿ ಅಂದರೆ ಅಂಗಡಿಯದ್ದಲ್ಲ, ಮಲ್ಪೆಯ ಕಡಲ ಬದಿಯಿಂದ ತಂದ ಹೊಯ್ಗೆ (ಮರಳು). ಬಣ್ಣ ಚಂದ ಇತ್ತು.

ಪಣಂಬೂರು ಗೂಡ್ಸ್ | ಜುಲೈ 12

ಅಯ್ಯೋ ದೇವರೇ. ತೊಳೆದಿದ್ದಿರಾ?

ಇಂದ್ರಾಳಿ ಲೂಪ್‌ಲೈನ್ | ಜುಲೈ 12

ಜರಡಿ ಹಿಡಿದಿದ್ದೆ. ಬಿಸಿಲಿಗೆ ಒಣಗಿಸಿದ್ದೆ. ತೊಳೆಯಲಿಲ್ಲ.

ಎನ್ ಸ್ಕೇಲ್ ಹುಡುಗ | ಜುಲೈ 12

ನಾನು ಉಪ್ಪುಕಾಗದ ಅಂದದ್ದಕ್ಕೆ ಬೈದಿರಿ. ಇವರು ನೇರ ಉಪ್ಪನ್ನೇ ಹಾಕಿದ್ದಾರಲ್ಲ!

ಹಳೇ ಸಿಗ್ನಲ್ | ಜುಲೈ 13

ನಕ್ಕು ಸಾಕಾಯಿತು. ಈಗ ವಿಷಯಕ್ಕೆ ಬರೋಣ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡುವುದು ಎಲ್ಲರ ಮನೆಯಲ್ಲೂ ಉಂಟು. ಸಮುದ್ರದ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಜೊತೆ ಮೆಗ್ನೀಸಿಯಂ ಕ್ಲೋರೈಡೂ ಇರುತ್ತದೆ, ಗಾಳಿಯ ಪಸೆ ಎಳೆಯುವುದರಲ್ಲಿ ಅದು ಮುಂದೆ. ಬಿಸಿಲಿಗೆ ಹಾಕಿದರೆ ನೀರು ಹೋಗುತ್ತದೆ, ಉಪ್ಪು ಎಲ್ಲಿಗೆ ಹೋಗುತ್ತದೆ? ಮೇ ತಿಂಗಳವರೆಗೆ ಒಣಗಿ ಸುಮ್ಮನಿತ್ತು. ಮಳೆ ಬಂತು, ಪಸೆ ಎಳೆಯಿತು, ಲೋಹ ತಿನ್ನಲು ಶುರು ಮಾಡಿತು. ಮನೆ ಕಟ್ಟುವ ಮೇಸ್ತ್ರಿ ಕಡಲ ಹೊಯ್ಗೆ ಬೇಡ ಎನ್ನುವುದೂ ಇದಕ್ಕೇ, ಕಾಂಕ್ರೀಟಿನ ಒಳಗಿನ ಸರಳು ತುಕ್ಕು ಹಿಡಿಯುತ್ತದೆ.

ಇನ್ನೊಂದು ಪರೀಕ್ಷೆ ಮಾಡಿ ನೋಡಿ. ಎಂಜಿನ್, ಬೋಗಿ ಎಲ್ಲ ಎತ್ತಿಡಿ, ಕಂಟ್ರೋಲರಿನ ವೈರ್ ಬಿಡಿಸಿ. ಮೀಟರನ್ನು ಓಮ್‌ಗೆ ತಿರುಗಿಸಿ ಎರಡು ಹಳಿಯ ನಡುವೆ ಹಿಡಿಯಿರಿ. ಏನೂ ತೋರಿಸಬಾರದು.

ಇಂದ್ರಾಳಿ ಲೂಪ್‌ಲೈನ್ | ಜುಲೈ 13

38 ಕಿಲೊ ಓಮ್ ತೋರಿಸುತ್ತಿದೆ ಸರ್. ಟೇಬಲ್ ಫ್ಯಾನ್ ಅರ್ಧ ಗಂಟೆ ಹಿಡಿದ ಮೇಲೆ 60ಕ್ಕೆ ಏರಿತು. ಹೊರಗೆ ಮಳೆ ಹೊಯ್ಯುತ್ತಲೇ ಉಂಟು.

ಹಳೇ ಸಿಗ್ನಲ್ | ಜುಲೈ 13

ನಿಮ್ಮ ಜಲ್ಲಿ ಕರೆಂಟ್ ಸೋರುತ್ತಿದೆ. ಎಂಜಿನ್ ನಿಲ್ಲಿಸುವಷ್ಟು ಸೋರಿಕೆ ಅಲ್ಲ ಅದು, ಆದರೆ ಪಸೆ, ಉಪ್ಪು, ಕರೆಂಟ್ ಮೂರೂ ಸೇರಿದರೆ ಕಿಲುಬು ಬೇಗ ಏರುತ್ತದೆ.

ನಾನು ದೊಡ್ಡ ರೈಲಿನ ಸಿಗ್ನಲ್ ಕೆಲಸದಲ್ಲಿ ಇದ್ದವ, ಇದು ನೋಡಿ ನೋಡಿ ಅಭ್ಯಾಸ. ಟ್ರ್ಯಾಕ್ ಸರ್ಕ್ಯೂಟ್ ಇರುವಲ್ಲಿ ಹಳಿಯಲ್ಲೇ ಸಣ್ಣ ಕರೆಂಟ್ ಹರಿಸಿ ಒಂದು ರಿಲೇಯನ್ನು (ಕರೆಂಟಿನಿಂದ ಆಡುವ ಸ್ವಿಚ್) ಎತ್ತಿ ಹಿಡಿದಿರುತ್ತೇವೆ. ಗಾಡಿ ಬಂದರೆ ಗಾಲಿ ಎರಡು ಹಳಿಯನ್ನು ಸೇರಿಸುತ್ತದೆ, ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಮಳೆಗಾಲದಲ್ಲಿ ಜಲ್ಲಿಯ ನಡುವೆ ಕೆಸರು ತುಂಬಿ ನೀರು ನಿಂತರೆ ಒಂದು ಹಳಿಯಿಂದ ಇನ್ನೊಂದಕ್ಕೆ ಕರೆಂಟ್ ಸೋರಿ, ಗಾಡಿಯೇ ಇಲ್ಲದೆ ರಿಲೇ ಬೀಳುತ್ತದೆ. ರಾತ್ರಿ ಎರಡು ಗಂಟೆಗೆ ರೇನ್‌ಕೋಟ್ ಹಾಕಿ ಓಡಬೇಕು. ನಿಮಗೆ ಫ್ಯಾನಿನ ಕೆಳಗೆ ಕೂತು ಸರಿ ಮಾಡುವ ಯೋಗ.

ಪಣಂಬೂರು ಗೂಡ್ಸ್ | ಜುಲೈ 13

ರಿಪೇರಿ ಹೇಳುತ್ತೇನೆ. ಅಷ್ಟೂ ಜಲ್ಲಿ ತೆಗೆಯಲೇಬೇಕು, ತೆಗೆಯದೆ ಬರೀ ಮೇಲಿನಿಂದ ತೊಳೆದರೆ ಉಪ್ಪು ಪ್ಲೈವುಡ್ಡಿಗೆ ಇಳಿಯುತ್ತದೆ. ಬಿಸಿನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಒಂದೊಂದೇ ಗೇಣು ಒದ್ದೆ ಮಾಡಿ, 20 ನಿಮಿಷ ಬಿಡಿ. ಫೆವಿಕಾಲ್ ಮೆತ್ತಗಾಗುತ್ತದೆ. ಹಳೇ ಸ್ಟೀಲ್ ಚಮಚದಲ್ಲಿ ಕೆರೆದು ಸ್ಪಂಜಿನಲ್ಲಿ ಹೀರಿಸಿ. ಕೊನೆಯ ಎರಡು ಸಲ ಒರೆಸುವುದಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಗೊಳ್ಳಿ. ನಾಲ್ಕೂ ಜಾಯಿನರ್ ಬಿಸಾಡಿ ಹೊಸತು ಹಾಕಿ.

ಮೂರನೇ ತುಂಡಿಗೆ ಈ ಸಲ ಸ್ವಂತ ವೈರ್ ಕೊಡಿ, ಗುಡ್ಡದ ಅಡಿಯಲ್ಲಿ ತೂತು ಕೊರೆದಾದರೂ ಸರಿ. ಜಾಯಿನರ್ ಇರುವುದು ಹಳಿಯನ್ನು ನೇರ ಹಿಡಿಯಲಿಕ್ಕೆ. ಕರೆಂಟ್ ತರುವ ಕೆಲಸ ಅದಕ್ಕೆ ಕೊಡಬಾರದು. ಹಲಗೆಯ ಅಡಿಯಲ್ಲಿ ಮನೆ ವಯರಿಂಗಿನ 1.5 ಸ್ಕ್ವೇರ್ ಎಂಎಂ ವೈರ್ ಎರಡು ಎಳೆ ಉದ್ದಕ್ಕೂ ಓಡಿಸಿ, ಪ್ರತಿ ತುಂಡಿಗೂ ಅಲ್ಲಿಂದ ತೆಳು ವೈರ್ ಮೇಲೆ ಬರಲಿ. ಬೆಸುಗೆ ಹಾಕುವಾಗ ಆ ಜಾಗದ ಎರಡು ಬದಿಗೆ ಒದ್ದೆ ಹತ್ತಿ ಇಡಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಸ್ಲೀಪರ್ (ಹಳಿಯ ಅಡಿಯ ಅಡ್ಡಪಟ್ಟಿ) ಕರಗುತ್ತದೆ. ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್ ರೋಸಿನ್‌ದು ಮಾತ್ರ. ಆಸಿಡ್ ಫ್ಲಕ್ಸ್ ಹಾಕಿದರೆ ಬರುವ ಮಳೆಗಾಲಕ್ಕೆ ಇದೇ ಕತೆ ಪುನಃ ಬರೆಯುತ್ತೀರಿ.

ಎನ್ ಸ್ಕೇಲ್ ಹುಡುಗ | ಜುಲೈ 13

ಜಾಯಿನರನ್ನೇ ಹಳಿಗೆ ಸೇರಿಸಿ ಬೆಸುಗೆ ಹಾಕಿಬಿಟ್ಟರೆ ಆಗದಾ? ವೈರಿನ ಕೆಲಸವೇ ಇಲ್ಲ.

ಪಣಂಬೂರು ಗೂಡ್ಸ್ | ಜುಲೈ 13

ತಿರುವಿನಲ್ಲಿ ಒಂದೆರಡು ಹಾಕಬಹುದು. ಎಲ್ಲ ಬೇಡ. ಲೆಕ್ಕ ನೋಡಿ: 12 ಅಡಿ ನಿಕಲ್ ಸಿಲ್ವರ್ ಹಳಿ 15 ಡಿಗ್ರಿ ಬಿಸಿ ಏರಿದರೆ ಬೆಳೆಯುವುದು ಒಂದು ಮಿಲಿಮೀಟರಿಗೂ ಸ್ವಲ್ಪ ಕಡಿಮೆ. ನಮ್ಮ ಊರಿನಲ್ಲಿ ಚಳಿಗಾಲಕ್ಕೂ ಬೇಸಗೆಗೂ ಅಂಥ ವ್ಯತ್ಯಾಸವೂ ಇಲ್ಲ. ತೊಂದರೆ ಕೊಡುವುದು ಮರ. ಆಟಿ ತಿಂಗಳ ಮಳೆಯಲ್ಲಿ ಬಾಗಿಲು ಹಾಕಲು ಬರುವುದಿಲ್ಲ ಅಲ್ವಾ, ಹಾಗೆಯೇ ಹಲಗೆಯೂ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಹಲಗೆ ಕುಗ್ಗಿದಾಗ ಹಳಿಗೆ ಸರಿಯಲು ಜಾಗ ಇಲ್ಲದಿದ್ದರೆ ಹಾವಿನ ಹಾಗೆ ಬಳುಕುತ್ತದೆ. ಪ್ಲೈವುಡ್ಡಿನ ಅಡಿಬದಿಗೆ, ಅಂಚಿಗೆಲ್ಲ ಪೈಂಟ್ ಬಳಿದರೆ ಅರ್ಧ ಸಮಸ್ಯೆ ಕಡಿಮೆ.

ಇಂದ್ರಾಳಿ ಲೂಪ್‌ಲೈನ್ | ಜುಲೈ 14

ಸರಿ, ಕೆರೆಯಲು ಕೂರುತ್ತೇನೆ. ಜಲ್ಲಿಗೆ ಮತ್ತೆ ಎಂತ ಹಾಕುವುದು?

ಪಣಂಬೂರು ಗೂಡ್ಸ್ | ಜುಲೈ 14

ಕ್ರಷರಿನ ಜಲ್ಲಿ ಹುಡಿ. ನಿಜವಾದ ಹಳಿಯ ಜಲ್ಲಿ 20ರಿಂದ 65 ಮಿಲಿಮೀಟರ್ ಇರುತ್ತದೆ. 87ರಿಂದ ಭಾಗಿಸಿದರೆ ಕಾಲು ಮಿಲಿಮೀಟರಿನಿಂದ ಮುಕ್ಕಾಲು ಮಿಲಿಮೀಟರ್. ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದರೆ ಹತ್ತಿರ ಹತ್ತಿರ ಬರುತ್ತದೆ. ಮೂಲೆ ಚೂಪಾಗಿರುವುದರಿಂದ ನೋಡಲಿಕ್ಕೂ ಜಲ್ಲಿಯೇ. ಕಡಲ ಹೊಯ್ಗೆಯ ಕಾಳು ಉರುಟು, ಹತ್ತಿರ ಹೋದರೆ ಸಾಸಿವೆ ಸುರಿದ ಹಾಗೆ ಕಾಣುತ್ತದೆ. ಚೆನ್ನಾಗಿ ತೊಳೆದು, ಒಣಗಿದ ಮೇಲೆ ಅದರ ಮೇಲೆ ಆಯಸ್ಕಾಂತ ಆಡಿಸಿ. ಕಪ್ಪು ಹುಡಿ ಅಂಟಿದರೆ ತೆಗೆಯಿರಿ. ಇಲ್ಲದಿದ್ದರೆ ಅದನ್ನು ಮೋಟರಿನ ಆಯಸ್ಕಾಂತ ಎಳೆದುಕೊಳ್ಳುತ್ತದೆ, ಗೇರಿನಲ್ಲಿ ಕರಕರ ಶಬ್ದ ಬಂದ ಮೇಲೆ ಗೊತ್ತಾಗುವುದು.

ಹಳೇ ಸಿಗ್ನಲ್ | ಜುಲೈ 14

ಜಲ್ಲಿಯ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಮಾಡುವವರು ಗೇಜಿನ, ಅಂದರೆ ಎರಡು ಹಳಿಯ ನಡುವಿನ ಅಂತರದ, ಲೆಕ್ಕವನ್ನೂ ಮಿಲಿಮೀಟರಿನಲ್ಲಿ ಮಾಡಿ. 1676 ಭಾಗ 87 ಅಂದರೆ 19.3. ನಾವೆಲ್ಲ ಬ್ರಾಡ್‌ಗೇಜ್ ಎಂದು ಓಡಿಸುತ್ತಿರುವುದು 16.5ರ ಮೇಲೆ.

ಪಣಂಬೂರು ಗೂಡ್ಸ್ | ಜುಲೈ 14

ಸರ್, ಅದೊಂದು ಮಾತ್ರ ಎತ್ತಬೇಡಿ.

ಇಂದ್ರಾಳಿ ಲೂಪ್‌ಲೈನ್ | ಜುಲೈ 21

ಓಡಿತು! ಮೂರು ರಾತ್ರಿ ಕೆರೆದೆ. ಒಂದು ಸ್ಲೀಪರ್ ಕರಗಿಸಿದೆ, ಹತ್ತಿ ಒಣಗಿದ್ದು ಗೊತ್ತಾಗಲಿಲ್ಲ. ಕರಗಿದ ಜಾಗಕ್ಕೆ ಸದ್ಯಕ್ಕೆ ಒಂದು ಪೊದೆ ಅಂಟಿಸಿದ್ದೇನೆ. ವೈರ್ ಕೊಟ್ಟ ಮೇಲೆ ಬಲ್ಬ್ ಇಟ್ಟರೆ ಮೂರನೇ ತುಂಡಿನಲ್ಲಿ 11.7, ಹಳಿಯಿಂದ ಹಳಿಗೆ ಮೀಟರ್ ಏನೂ ತೋರಿಸುವುದಿಲ್ಲ. ನಿನ್ನೆ ಸಂಜೆ ಮಳೆ ಹೊಯ್ಯುತ್ತಿರುವಾಗಲೇ ಮತ್ಸ್ಯಗಂಧ ಸ್ಟೇಶನ್ನಿಂದ ಹೊರಟು ಕಟಿಂಗ್ ದಾಟಿ ಸೇತುವೆ ಮುಟ್ಟಿತು, ನಡೆಯುವ ವೇಗದಲ್ಲಿ ಬಿಟ್ಟರೂ ಒಮ್ಮೆಯೂ ತಡವರಿಸಲಿಲ್ಲ. ಕ್ರಷರ್ ಹುಡಿ ಬಿಸಿಲು ಬಂದ ಮೇಲೆ ಹಾಕುತ್ತೇನೆ, ಈಗ ಗಮ್ ಒಣಗುವುದಿಲ್ಲ.

ಅರ್ಧ ಡಬ್ಬಿ ಮಲ್ಪೆ ಹೊಯ್ಗೆ ಉಳಿದಿದೆ. ತುಳಸಿ ಕಟ್ಟೆಗೆ ಹಾಕಲಾ ಎಂದು ಕೇಳಿದ್ದಕ್ಕೆ ಅಮ್ಮ ಬೈದರು. ಮಗಳು ಆಡಲಿಕ್ಕೆ ಕೇಳುತ್ತಿದ್ದಾಳೆ. ಕೊಡಬಹುದಾ?

ಹಳೇ ಸಿಗ್ನಲ್ | ಜುಲೈ 21

ಕೊಡಿ. ರೈಲಿನ ಕೋಣೆಯ ಬಾಗಿಲು ಹಾಕಿ ಕೊಡಿ.