ಚಿಕ್ಕಮ್ಮ, ಮಾಣಿ ಎಲೆಕ್ಟ್ರಿಕಲ್ ಬಿಡುವುದು ಬೇಡ

ಚಿಕ್ಕಮ್ಮ, ನಿನ್ನೆ ರಾತ್ರಿ ನೀವು ಗ್ರೂಪಿನಲ್ಲಿ ಹಾಕಿದ್ದನ್ನು ಈಗ ಬೆಳಿಗ್ಗೆ ನೋಡಿದೆ. ಟೈಪ್ ಮಾಡಿದರೆ ಮುಗಿಯುವುದಿಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡ್ತಾ ಕೇಳಿ. ಮಾಣಿಗೆ ಇಂಜಿನಿಯರಿಂಗಿನ ಮೂರನೇ ಸೆಮಿಸ್ಟರಿನಲ್ಲಿ ಸರ್ಕ್ಯೂಟ್ ಮತ್ತು ಮ್ಯಾಥ್ಸ್ ಎರಡೂ ಬ್ಯಾಕ್ ಆಗಿದೆ. ಎಲೆಕ್ಟ್ರಿಕಲ್ ನನ್ನಿಂದ ಆಗುವುದಿಲ್ಲ, ಬಿಡ್ತೇನೆ ಅಂತ ಕೂತಿದ್ದಾನೆ. ದೊಡ್ಡಪ್ಪ ಕೂಡ, ಬಿಟ್ಟು ಕಂಪ್ಯೂಟರ್ ಸೈನ್ಸಿಗೆ ಸೇರಿಸು ಅಂದಿದ್ದಾರೆ. ಇಷ್ಟೇ ಅಲ್ವಾ?

ದೊಡ್ಡಪ್ಪ, ಎದುರು ಮಾತಾಡ್ತಾಳೆ ಅಂತ ತಿಳಿಯಬೇಡಿ. ಆದರೆ ಬಿಡಿಸುವುದು ಬೇಡ. ಈ ಗ್ರೂಪಿನಲ್ಲಿ ಎಲೆಕ್ಟ್ರಿಕಲ್ ಓದಿದವಳು ನಾನೊಬ್ಬಳೇ, ಅದಕ್ಕೆ ಇಷ್ಟು ಧೈರ್ಯದಲ್ಲಿ ಹೇಳುತ್ತಿದ್ದೇನೆ.

ಮೊನ್ನೆ ಸಾಲಿಗ್ರಾಮ ಹಬ್ಬಕ್ಕೆ ನಾನು ಮನೆಗೆ ಬಂದಿದ್ದೆ, ನೆನಪುಂಟಾ? ಬೆಳಿಗ್ಗೆ ಚಿಕ್ಕಪ್ಪ ತೋಟಕ್ಕೆ ನೀರು ಬಿಡಲು ಪಂಪ್ ಹಾಕಿದರು. ನೀರು ಬರಲಿಲ್ಲ. ಮೋಟಾರ್ ಸುಮ್ನೆ ಗುಂಯ್ ಅನ್ನುತ್ತಿತ್ತು. ಚಿಕ್ಕಪ್ಪ ಆಫ್ ಮಾಡಿ ಇನ್ನೊಮ್ಮೆ ಹಸಿರು ಬಟನ್ ಒತ್ತಿದರು. ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದ ಮಾಣಿ ಆ ಸದ್ದು ಕೇಳಿ ಬ್ರಶ್ ಬಾಯಲ್ಲೇ ಇಟ್ಟುಕೊಂಡು ಓಡಿದ. ಅಪ್ಪಾ ಆಫ್ ಮಾಡಿ, ಆಫ್ ಮಾಡಿ, ಒಂದು ಫೇಸ್ ಇಲ್ಲ ಅಂತ ಕೂಗಿದ. ಸ್ಟಾರ್ಟರ್ ಆಫ್ ಮಾಡಿಸಿ, ಲೈನ್ ಬರುವ ಮೂರು ಕಡೆಗೂ ಟೆಸ್ಟರ್ ಇಟ್ಟ. ಎರಡರಲ್ಲಿ ದೀಪ ಬಂತು, ಮೂರನೆಯದರಲ್ಲಿ ಇಲ್ಲ. ಮಧ್ಯಾಹ್ನ ಲೈನ್‌ಮ್ಯಾನ್ ಬಂದು ನೋಡಿದರೆ ಟಿಸಿಯಲ್ಲಿ, ಅಂದರೆ ಕಂಬದ ಟ್ರಾನ್ಸ್‌ಫಾರ್ಮರಿನಲ್ಲಿ, ಒಂದು ಫ್ಯೂಸ್ ಹೋಗಿತ್ತು. ಇನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದರೆ ಕಾಯಿಲ್ ಸುಟ್ಟು, ಮೋಟಾರನ್ನು ಬಿಚ್ಚಿ ರಿವೈಂಡಿಂಗಿಗೆ ಹೊರಬೇಕಿತ್ತು.

ನಾನು ಅವತ್ತೇ ಅಂದುಕೊಂಡೆ, ಈ ಹುಡುಗನಿಗೆ ಮೋಟಾರಿನ ಭಾಷೆ ಗೊತ್ತು ಅಂತ. ಮೂರು ಫೇಸ್, ಅಂದರೆ ಮೂರು ತಂತಿಯ ಕರೆಂಟ್, ಒಂದರ ಹಿಂದೆ ಒಂದು ಸರಿಯಾಗಿ ಬಂದರೆ ಮಾತ್ರ ಮೋಟಾರಿನ ಒಳಗೆ ಅಯಸ್ಕಾಂತದ ಬಲ ಸುತ್ತುತ್ತದೆ, ಅದು ಒಳಗಿನ ರೋಟರನ್ನು ಎಳೆದುಕೊಂಡು ಹೋಗುತ್ತದೆ. ಒಂದು ಫೇಸ್ ಹೋದರೆ ಆ ಬಲ ಸುತ್ತುವುದಿಲ್ಲ, ನಿಂತಲ್ಲೇ ಹೆಚ್ಚುಕಡಿಮೆ ಆಗುತ್ತದೆ ಅಷ್ಟೇ. ನಿಂತ ಮೋಟಾರ್ ಏಳುವುದಿಲ್ಲ, ಕರೆಂಟ್ ಮಾತ್ರ ಸಿಕ್ಕಾಪಟ್ಟೆ ಎಳೆಯುತ್ತದೆ. ಅವನು ಈ ಪಾಠ ಇನ್ನೂ ಓದಿಲ್ಲ, ಮುಂದೆ ಮೆಷಿನ್ಸ್ ಸಬ್ಜೆಕ್ಟಿನಲ್ಲಿ ಬರುತ್ತದೆ. ಪಾಠ ಬರುವ ಮೊದಲೇ ಕಿವಿಗೆ ಬಂದಿದೆ. ಇದನ್ನು ಬಿಟ್ಟು ಹೋಗು ಅಂತ ನಾನು ಹೇಗೆ ಹೇಳಲಿ?

ಹಾಗಾದರೆ ಫೇಲ್ ಯಾಕೆ ಆದ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಾಣಿ, ನೀನೂ ಕೇಳು. ನಿನಗೆ ಎರಡು ಸಬ್ಜೆಕ್ಟ್ ಹೋಗಿದೆ ಅಂತ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಹೋದದ್ದು ಒಂದೇ. ಬ್ಯಾಟರಿ ಇರುವ ಸರ್ಕ್ಯೂಟಿನಲ್ಲಿ 3 ಓಮಿಗೆ 4 ಓಮ್ ಸೇರಿಸಿದರೆ 7. ಮನೆಗೆ ಬರುವ ಎಸಿ ಕರೆಂಟಿನಲ್ಲಿ 3 ಓಮ್ ರೆಸಿಸ್ಟೆನ್ಸ್, ಅದರ ಜೊತೆ ಸಾಲಾಗಿ 4 ಓಮ್ ರಿಯಾಕ್ಟೆನ್ಸ್, ಅಂದರೆ ಕಾಯಿಲ್ ಎಸಿಗೆ ಒಡ್ಡುವ ತಡೆ, ಇದ್ದರೆ 7 ಅಲ್ಲ, 5. ಯಾಕೆಂದರೆ ವೋಲ್ಟೇಜ್ ಏರುವ ಹೊತ್ತಿಗೇ ಕರೆಂಟ್ ಏರುವುದಿಲ್ಲ, ಕಾಯಿಲ್ ಇದ್ದರೆ ಹಿಂದೆ ಉಳಿಯುತ್ತದೆ. ಆ ಹಿಂದೆಮುಂದೆಯನ್ನು ಲೆಕ್ಕದಲ್ಲಿ ಹಿಡಿಯಲು ಕಾಂಪ್ಲೆಕ್ಸ್ ನಂಬರ್ ಬೇಕು. ಫಸ್ಟ್ ಪಿಯುಸಿಯಲ್ಲಿ ಮಾಡಿದ್ದೆಯಲ್ಲ, ಅದೇ. ಆಗ ಅದು ಯಾತಕ್ಕೆ ಅಂತ ಯಾರೂ ಹೇಳಿರುವುದಿಲ್ಲ, ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಮರೆಯುತ್ತಾರೆ. ಅಲ್ಲಿ ಐ ಅಂತ ಬರೆದದ್ದನ್ನು ಇಲ್ಲಿ ಜೆ ಅಂತ ಬರೆಯುತ್ತೇವೆ, ನಮ್ಮಲ್ಲಿ ಐ ಅಂದರೆ ಕರೆಂಟ್, ಅದಕ್ಕೆ. ಆ ಒಂದು ಜಾಗದಲ್ಲಿ ಬಿಗಿ ತಪ್ಪಿದರೆ ಮ್ಯಾಥ್ಸೂ ಹೋಗುತ್ತದೆ, ಸರ್ಕ್ಯೂಟೂ ಹೋಗುತ್ತದೆ, ನಾಳೆ ಟ್ರಾನ್ಸ್‌ಫಾರ್ಮರ್, ಪವರ್ ಸಿಸ್ಟಮ್ ಎಲ್ಲ ಕತ್ತಲೆ ಆಗುತ್ತದೆ. ಅದೊಂದನ್ನು ಗಟ್ಟಿ ಮಾಡಿದರೆ ಎರಡೂ ಒಟ್ಟಿಗೆ ಪಾಸ್.

ನನ್ನದೂ ಮೂರನೇ ಸೆಮಿಸ್ಟರಿನಲ್ಲೇ ಬ್ಯಾಕ್ ಆದದ್ದು, ಮನೆಯಲ್ಲಿ ಅಮ್ಮನಿಗೆ ಮಾತ್ರ ಗೊತ್ತಿತ್ತು. ಆಗ ನಮಗೆ ಪಾಠ ಮಾಡಿದವರು ಬೋರ್ಡಿನಲ್ಲಿ ಬರೆದುಕೊಂಡು ಹೋಗುತ್ತಿದ್ದರು, ನಾವು ನೋಡಿ ಬರೆಯುತ್ತಿದ್ದೆವು. ಹಾಸ್ಟೆಲಿಗೆ ಬಂದು ಬಿಡಿಸಿದ ಪ್ರಾಬ್ಲಮನ್ನು ಓದಿದರೆ ಎಲ್ಲ ಅರ್ಥ ಆದ ಹಾಗೆ ಇರುತ್ತಿತ್ತು. ಪರೀಕ್ಷೆಯಲ್ಲಿ ಖಾಲಿ ಹಾಳೆ ಎದುರು ಕೈ ಏಳುತ್ತಿರಲಿಲ್ಲ. ಸೀನಿಯರ್ ಒಬ್ಬಳು ನನ್ನನ್ನು ಕೂರಿಸಿ ಬೇರೆ ರೀತಿ ಕಲಿಸಿದಳು. ಉತ್ತರ ಮುಚ್ಚಿಡು. ಸರ್ಕ್ಯೂಟನ್ನು ನೀನೇ ದೊಡ್ಡದಾಗಿ ಬರೆ. ಕರೆಂಟಿಗೆ ಒಂದು ದಿಕ್ಕಿನ ಬಾಣ ಹಾಕಿದ ಮೇಲೆ ಕೊನೆವರೆಗೂ ಬದಲಿಸಬೇಡ, ದಿಕ್ಕು ತಪ್ಪಾದರೆ ಉತ್ತರ ಮೈನಸ್ ಬರುತ್ತದೆ, ಹೆದರಬೇಡ. ಉತ್ತರ ಬಂದ ಮೇಲೆ ಸೋರ್ಸ್ ಕೊಟ್ಟ ಪವರ್ ಎಷ್ಟು, ಉಳಿದವು ತಿಂದದ್ದು ಎಷ್ಟು, ಕೂಡಿಸಿ ನೋಡು. ಎರಡೂ ಒಂದೇ ಆಗಬೇಕು. ಆಗದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ, ಹಿಂದೆ ಹೋಗು. ದಿನಕ್ಕೆ ಎರಡೇ ಪ್ರಾಬ್ಲಮ್, ಆದರೆ ಪೂರ್ತಿ. ಎರಡು ತಿಂಗಳಲ್ಲಿ ನನ್ನ ಕೈ ತಿರುಗಿತು.

ಎಲೆಕ್ಟ್ರಿಕಲ್ ಓದಿದರೆ ಕೆಲಸ ಎಲ್ಲುಂಟು ಅಂತ ದೊಡ್ಡಪ್ಪ ಕೇಳಿದ್ದಕ್ಕೆ ಒಂದೆರಡು ಮಾತು. ಹೊಸಂಗಡಿಯ ವಾರಾಹಿ ಪವರ್‌ಹೌಸ್ ನೋಡಿ, ನೆಲದ ಒಳಗೆ ನಾಲ್ಕು ಯೂನಿಟ್, ಒಂದೊಂದು 115 ಮೆಗಾವ್ಯಾಟ್. ಪಡುಬಿದ್ರಿ ಹತ್ತಿರ ಎಲ್ಲೂರಿನಲ್ಲಿ 600 ಮೆಗಾವ್ಯಾಟಿನ ಎರಡು. ನಮ್ಮ ಕೊಂಕಣ ರೈಲು 2022ರಲ್ಲಿ ಪೂರ್ತಿ ಕರೆಂಟಿಗೆ ಬಂತು, ಉಡುಪಿ ಸ್ಟೇಷನ್ನಿನಲ್ಲಿ ತಲೆ ಮೇಲೆ ಕಾಣುವ ತಂತಿಯಲ್ಲಿ 25,000 ವೋಲ್ಟ್ ಉಂಟು. ಮೆಸ್ಕಾಂ ಉಂಟು, ಸೋಲಾರ್ ಉಂಟು, ಗಾಡಿಗಳೂ ಬ್ಯಾಟರಿಗೆ ಬರುತ್ತಿವೆ. ಸಾಫ್ಟ್‌ವೇರಿಗೆ ಹೋಗಬೇಕು ಅಂತ ಅನಿಸಿದರೆ ಇಲ್ಲಿಂದಲೂ ಹೋಗಬಹುದು, ನನ್ನ ಜೊತೆ ಓದಿದ ಎಷ್ಟೋ ಜನ ಹೋಗಿದ್ದಾರೆ. ಈಗ ಬಿಟ್ಟು ಹೊಸದಾಗಿ ಸೇರಿದರೆ ಅಲ್ಲಿಯೂ ಮ್ಯಾಥ್ಸ್ ಇದ್ದೇ ಇರುತ್ತದೆ.

ಚಿಕ್ಕಮ್ಮ, ನಿಮ್ಮಲ್ಲಿ ಒಂದು ಕೇಳಿಕೊಳ್ಳುತ್ತೇನೆ. ಫೋನ್ ಮಾಡಿದಾಗೆಲ್ಲ ಮಾರ್ಕ್ಸ್ ಕೇಳಬೇಡಿ. ಊಟ ಆಯ್ತಾ ಅಂತ ಕೇಳಿ, ಇವತ್ತು ಲ್ಯಾಬಿನಲ್ಲಿ ಏನು ಮಾಡಿದೆ ಅಂತ ಕೇಳಿ. ನೋಡಿ ಬೇಕಾದರೆ, ಆಮೇಲೆ ಮಾತು ನಿಲ್ಲಿಸುವುದಿಲ್ಲ.

ಮಾಣಿ, ನಿನಗೂ ಒಂದು ಮಾತು, ಇದು ಮಾತ್ರ ಗಟ್ಟಿಯಾಗಿಯೇ ಹೇಳುತ್ತೇನೆ. ಅವತ್ತು ಲೈನ್‌ಮ್ಯಾನಿಗೆ ಕಾಯದೆ ನಾನೇ ಟಿಸಿ ಫ್ಯೂಸ್ ಹಾಕಲಾ ಅಂತ ಚಿಕ್ಕಪ್ಪನ ಹತ್ತಿರ ಕೇಳಿದೆಯಲ್ಲ, ನನಗೆ ಎದೆ ಧಸಕ್ಕೆಂದಿತು. ಟಿಸಿಯ ಮೇಲ್ಗಡೆ ಬರುವುದು 11,000 ವೋಲ್ಟ್. ಎಷ್ಟು ಓದಿದರೂ, ತೋಟ ಒಣಗಿದರೂ, ಅದರ ಹತ್ತಿರ ನೀನು ಹೋಗಕೂಡದು. ಲ್ಯಾಬಿಗೆ ಹೋಗುವಾಗ ಕೈಯ ಉಂಗುರ ತೆಗೆದಿಡು. ವಯರ್ ಜೋಡಿಸಿದ ಮೇಲೆ ಸರ್ ನೋಡುವವರೆಗೆ ಸ್ವಿಚ್ ಮುಟ್ಟಬೇಡ.

ಶನಿವಾರ ಸಂಜೆ ಕಾಲೇಜು ಮುಗಿಸಿ ಕದ್ರಿಯ ನಮ್ಮ ಮನೆಗೆ ಬಾ, ಭಾನುವಾರ ಇಲ್ಲೇ ಇರು. ಹಳೆಯ ಪ್ರಶ್ನೆಪತ್ರಿಕೆ ತಾ, ಕ್ಯಾಲ್ಕುಲೇಟರ್ ಮರೆಯಬೇಡ, ಅದರಲ್ಲಿ ಕಾಂಪ್ಲೆಕ್ಸ್ ಮೋಡ್ ಹೇಗೆ ಅಂತ ಮೊದಲು ತೋರಿಸುತ್ತೇನೆ. ಇನ್ನೊಂದು, ಚಿಕ್ಕಪ್ಪನ ಹತ್ತಿರ ಹೇಳಿ ಪಂಪಿನ ಪ್ಲೇಟಿನ ಫೋಟೊ ತರಿಸಿಕೊ. ಅದರಲ್ಲಿ ನಿಮಿಷಕ್ಕೆ 2880 ಸುತ್ತು ಅಂತ ಇತ್ತು, ನಾನು ನೋಡಿದ್ದೇನೆ. ಒಳಗೆ ಸುತ್ತುವ ಬಲ 3000 ಸುತ್ತುತ್ತದೆ. ಉಳಿದ 120 ಎಲ್ಲಿ ಹೋಯಿತು ಅಂತ ಬಸ್ಸಿನಲ್ಲಿ ಬರುವಾಗ ಯೋಚನೆ ಮಾಡಿಕೊಂಡು ಬಾ.