ಗವರ್ನರರ ಬಾವುಟಕ್ಕೆ ಪದ ಬೇಕು (ನಾಳೆಯೊಳಗೆ)

ಕಾರವಾರದಿಂದ:

ಜಿಲ್ಲೆಯ ಇತಿಹಾಸದ ಚಿತ್ರಪ್ರದರ್ಶನವೊಂದಕ್ಕೆ ವಿವರಣೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫಲಕ ಬರೆಯುವವರಿಗೆ ನಾಳೆ ಸಂಜೆ ಪಠ್ಯ ಕೊಡಬೇಕು. ಒಂದು ಚಿತ್ರದಲ್ಲಿ ಬ್ರಿಟಿಷ್ ಗವರ್ನರರ ಬಾವುಟವಿದೆ: ಯೂನಿಯನ್ ಜಾಕ್, ನಡುವೆ ಭಾರತ ನಕ್ಷತ್ರ (ಬ್ರಿಟಿಷರ ‘ಸ್ಟಾರ್ ಆಫ್ ಇಂಡಿಯಾ’ ಗೌರವದ ಚಿಹ್ನೆ). ಇನ್ನೊಂದರಲ್ಲಿ ಇಂದಿನ ರಾಜ್ಯಪಾಲರ ಕಾರು, ಅದರ ಮುಂದೆ ತ್ರಿವರ್ಣ. ಮೂಲದಲ್ಲಿ ಎರಡಕ್ಕೂ ‘ಅಫಿಶಿಯಲ್ ಫ್ಲ್ಯಾಗ್’ ಎಂದೇ ಇದೆ. ‘ಅಧಿಕೃತ ಧ್ವಜ’ ಎಂದರೆ ಅನಧಿಕೃತವಾದದ್ದೂ ಒಂದಿತ್ತೇನೋ ಎನಿಸುತ್ತದೆ. ಏನು ಬರೆಯಲಿ?

ಶಿರಸಿಯಿಂದ:

‘ಗುಡಿ’ ಎಂದು ಬರೆಯಿರಿ. ಹಳಗನ್ನಡದಲ್ಲಿ ಗುಡಿ ಎಂದರೆ ಬಾವುಟ. ‘ಗುಡಿಗಟ್ಟು’ (ಬಾವುಟ ಕಟ್ಟು) ಹುಟ್ಟಿದ್ದೇ ಅದರಿಂದ. ಧ್ವಜ, ಪತಾಕೆ ಸಂಸ್ಕೃತದವು, ನಿಶಾನೆ ಪಾರಸಿಯದು, ಬಾವುಟದ ಪಕ್ಕದಲ್ಲೇ ಮರಾಠಿಯ ಬಾವಟಾ ಕೂತಿದೆ. ಮನೆಯಲ್ಲಿ ಪದವಿರುವಾಗ ಕಡ ತರುವುದು ಸಲ್ಲದು. ‘ಆಳ್ವಿಗನ ಗುಡಿ’ ಸಾಕು.

ಬನವಾಸಿಯಿಂದ:

ಗುಡಿ ಬೇಡ. ಫಲಕ ಓದುವವರು ದೇವಸ್ಥಾನ ಎಂದುಕೊಳ್ಳುತ್ತಾರೆ. ಫಲಕ ಇರುವುದು ಓದುವವರಿಗೆ, ನಿಘಂಟಿಗಲ್ಲ.

ಧ್ವಜವನ್ನು ಕಡದ ಪದ ಎನ್ನುವವರು ನಮ್ಮ ಶಾಸನಗಳನ್ನು ಒಮ್ಮೆ ನೋಡಲಿ. ಬನವಾಸಿ ಪನ್ನಿರ್ಛಾಸಿರವನ್ನು (‘ಹನ್ನೆರಡು ಸಾವಿರ’ ಎಂದು ಕರೆಸಿಕೊಂಡ ಪ್ರಾಂತವನ್ನು) ಆಳಿದ ಹಾನಗಲ್ಲಿನ ಕದಂಬರು ಮಹಾಮಂಡಲೇಶ್ವರರು, ಎಂದರೆ ಚಕ್ರವರ್ತಿಯ ಕೆಳಗಿನ ಪ್ರಾಂತಾಧಿಪತಿಗಳು. ಅವರ ಬಿರುದಾವಳಿಯಲ್ಲಿ ಧ್ವಜ ಬೇರೆ, ಲಾಂಛನ ಬೇರೆ: ಧ್ವಜದಲ್ಲಿ ‘ಶಾಖಾಚರೇಂದ್ರ’, ಎಂದರೆ ಹನುಮ, ಲಾಂಛನದಲ್ಲಿ ಸಿಂಹ. ಅಧೀನ ಅಧಿಕಾರಿಗೂ ತನ್ನದೇ ಧ್ವಜವಿರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಯಾವುದು ಬೇಕು? ಇಷ್ಟು ಶತಮಾನ ನಮ್ಮ ಕಲ್ಲಿನ ಮೇಲಿರುವ ಪದ ನಮ್ಮದೇ.

ಪ್ರಶ್ನೆಯ ನಿಜವಾದ ತೊಡಕು ಬೇರೆ ಕಡೆ ಇದೆ. ಎರಡು ಚಿತ್ರಗಳಿಗೆ ಒಂದೇ ಪದ ಹಾಕಲು ಬರುವುದಿಲ್ಲ. ನಕ್ಷತ್ರದ ಬಾವುಟ ಪದವಿಯದು. ಅದು ‘ಗವರ್ನರರ ಪದವಿಧ್ವಜ’. ಇಂದಿನ ರಾಜ್ಯಪಾಲರಿಗೆ ಸ್ವಂತ ಧ್ವಜವಿಲ್ಲ. ಕಾರಿನ ಮೇಲಿರುವುದು ರಾಷ್ಟ್ರಧ್ವಜ, 225 × 150 ಮಿಲಿಮೀಟರಿನದು. ಅದನ್ನು ಹಾಕಿಕೊಳ್ಳುವ ಹಕ್ಕು ಮಾತ್ರ ಅವರ ಪದವಿಗೆ ಸೇರಿದ್ದು. ರಾಷ್ಟ್ರಪತಿಗೆ ಪ್ರತ್ಯೇಕ ಧ್ವಜವಿತ್ತು. 1971ರ ಆಗಸ್ಟ್ 15ರಿಂದ ಅವರೂ ತ್ರಿವರ್ಣವನ್ನೇ ಬಳಸುತ್ತಾರೆ. 2002ರ ಧ್ವಜಸಂಹಿತೆಯ ಪ್ರಕಾರ, ರಾಜ್ಯಪಾಲರು ಪ್ರವಾಸದಲ್ಲಿ ತಂಗುವ ಕಟ್ಟಡದ ಮೇಲೆ ಅವರು ಒಳಗೆ ಬರುತ್ತಿದ್ದಂತೆ ಧ್ವಜ ಏರಬೇಕು, ಅವರು ಹೊರಟ ಕೂಡಲೇ ಇಳಿಯಬೇಕು. ಅಂದರೆ ಅವರು ಅಲ್ಲಿದ್ದಾರೆ ಎಂಬುದಕ್ಕೆ ಗುರುತು ಅದು. ‘ರಾಜ್ಯಪಾಲರ ಧ್ವಜ’ ಎಂದು ಬರೆದರೆ ಸಂಗತಿಯೇ ತಪ್ಪುತ್ತದೆ.

ಇನ್ನೊಂದು: ಹಳೆಯ ಚಿತ್ರದಡಿ ‘ರಾಜ್ಯಪಾಲ’ ಬೇಡ. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಸೇರಿತು, ಅಲ್ಲಿದ್ದವರು ಗವರ್ನರರು.

ಶಿರಸಿಯಿಂದ:

ಕಲ್ಲಿನ ಮೇಲೆ ಬರೆಸಿದವರು ಅರಸರು. ಊರಿನವರು ಏನೆನ್ನುತ್ತಿದ್ದರು ಎಂಬುದನ್ನು ಶಾಸನ ಹೇಳುವುದಿಲ್ಲ. ‘ಪದವಿಧ್ವಜ’ದಲ್ಲಿ ಕನ್ನಡ ಎಷ್ಟಿದೆ?

ಬನವಾಸಿಯಿಂದ:

‘ಅರಸ’ನ ಬೇರು ಎಲ್ಲಿಯದು ಎಂದು ಮೊದಲು ನೋಡಿಕೊಳ್ಳಿ. ಆ ಪದವನ್ನು ನೀವೇ ಬಳಸಿದಿರಿ, ಯಾರಿಗೂ ಅರ್ಥವಾಗದೆ ಹೋಗಲಿಲ್ಲ.

ಕಾರವಾರದಿಂದ:

ಇಬ್ಬರಿಗೂ ಕೃತಜ್ಞತೆಗಳು. ಹೀಗೆ ಕಳಿಸುತ್ತಿದ್ದೇನೆ: ‘ಬ್ರಿಟಿಷ್ ಗವರ್ನರರ ಪದವಿಧ್ವಜ’, ‘ರಾಜ್ಯಪಾಲರ ಕಾರಿನ ಮೇಲೆ ರಾಷ್ಟ್ರಧ್ವಜ’. ಗುಡಿಯ ಚರ್ಚೆ ಮುಂದುವರಿಯಲಿ, ಆದರೆ ಬೇರೆ ಶೀರ್ಷಿಕೆಯಲ್ಲಿ.